ಓಟಿಗೆ ಮುನ್ನ ಒಂದು ಓದು

2023ನೆಯ ಇಸವಿಯ ಮೇ 10ರಂದು, ನಮ್ಮ ರಾಜ್ಯದ ವಿಧಾನಸಭೆಗೆ ಚುನಾವಣೆ ನಡೆದ ದಿನ, ನಾನು ಜಿಲ್ಲೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕುಳಿತಿದ್ದೆ. ಕಾಲೇಜಿನ ಅಧ್ಯಾಪಕರಿಗೆ ಈ ಕೆಲಸ ಹೊಸದಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ವೃದ್ಧೆಯೊಬ್ಬರು ಕೋಲೂರಿಕೊಂಡು ಬಂದರು. ಬೆರಳಿಗೆ ಶಾಯಿ ಹಚ್ಚಿದ್ದಾಯಿತು. ರಟ್ಟಿನ ಮರೆಯ ಹಿಂದೆ ಹೋದದ್ದಾಯಿತು. ಗುಂಡಿ ಒತ್ತಿದ ಸದ್ದು ಮಾತ್ರ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಅಲ್ಲಿಂದಲೇ ತಿರುಗಿ, “ಸ್ವಾಮಿ, ಇಷ್ಟೊಂದು ಜನ ಅವ್ರಲ್ಲ, ಇವ್ರೆಲ್ಲ ಯಾರು?” ಎಂದು ಕೇಳಿದರು. ಏಜೆಂಟರು ನಕ್ಕರು. ನಾನು ನಿಯಮವನ್ನು ಸ್ಮರಿಸಿಕೊಂಡು, “ಅಜ್ಜಿ, ಅದನ್ನು ನಾನು ಹೇಳುವ ಹಾಗಿಲ್ಲ. ನಿಮಗೆ ಬೇಕಾದವರ ಗುರುತಿನ ಮುಂದಿರುವ ಗುಂಡಿ ಒತ್ತಿ” ಎಂದೆ. ಅವರು ಹೇಳಿದರು: “ಯಾರು ಅಂತ ಗೊತ್ತಿಲ್ದೆ ಬೇಕಾದೋರು ಹೆಂಗಾಯ್ತಾರೆ?”

ಆ ಮಾತು ಆ ಹೊತ್ತಿಗೆ ನಗೆಯಲ್ಲಿ ಕರಗಿಹೋಯಿತು. ಆದರೆ ರಾತ್ರಿ, ಮತಯಂತ್ರವನ್ನು ಒಪ್ಪಿಸಲು ತಾಲ್ಲೂಕು ಕೇಂದ್ರದಲ್ಲಿ ಸರದಿ ಕಾಯುತ್ತ ಕುಳಿತಿದ್ದಾಗ, ಅದು ಮತ್ತೆ ನೆನಪಿಗೆ ಬಂದು ನನ್ನನ್ನು ಚುಚ್ಚತೊಡಗಿತು. ನನ್ನ ಮತವಿದ್ದದ್ದು ಬೇರೆ ಕ್ಷೇತ್ರದಲ್ಲಿ. ಅದನ್ನು ಕೆಲವು ದಿನಗಳ ಹಿಂದೆಯೇ, ತರಬೇತಿಯ ಕೇಂದ್ರದಲ್ಲಿ, ಅಂಚೆ ಮತಪತ್ರದ ಮೇಲೆ ಗುರುತು ಹಾಕಿ ಮುಗಿಸಿದ್ದೆ. ಅದಕ್ಕೆ ನನಗೆ ಹಿಡಿದದ್ದು ಒಂದು ನಿಮಿಷ. ಆ ಪತ್ರದಲ್ಲಿದ್ದ ಹೆಸರುಗಳಲ್ಲಿ ನನಗೆ ಪರಿಚಯವಿದ್ದದ್ದು ಒಂದೇ. ಆ ಮಹನೀಯರು ನಮ್ಮ ಕಾಲೇಜಿನ ಕನ್ನಡ ಸಂಘವನ್ನು ಉದ್ಘಾಟಿಸಿದ್ದರು, ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳಲು ಹಣ ಕೊಟ್ಟಿದ್ದರು, ಮಾತು ಸವಿಯಾಗಿತ್ತು. ಅವರು “ನಮ್ಮವರು” ಎಂಬುದೂ ನನಗೆ ಗೊತ್ತಿತ್ತು. ಆ ಗೊತ್ತಿರುವಿಕೆ ನನ್ನ ಬೆರಳನ್ನು ಸ್ವಲ್ಪವೂ ನಡೆಸಲಿಲ್ಲವೆಂದು ಪ್ರಮಾಣ ಮಾಡಲಾರೆ. ಅಕ್ಷರ ಬಾರದ ಅಜ್ಜಿ ಕೇಳಿದ ಪ್ರಶ್ನೆಯನ್ನು, ಎಂ.ಎ. ಓದಿದ ನಾನು ಕೇಳಿಕೊಂಡಿರಲಿಲ್ಲ.

ಸಂಗತಿ ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಕಾರಣವಿರುತ್ತಿರಲಿಲ್ಲ. ಎರಡು ತಿಂಗಳ ಮೇಲೆ, ಅಧ್ಯಾಪಕರ ಕೊಠಡಿಯಲ್ಲಿ ಚುನಾವಣೆಯ ಮಾತು ಬಂದಾಗ ನಾನು ಆ ಮಹನೀಯರನ್ನು ಹೊಗಳಿದೆ. ಚಹ ತಂದಿದ್ದ ನಮ್ಮ ಜವಾನರು ಬಟ್ಟಲನ್ನು ಮೇಜಿನ ಮೇಲಿಟ್ಟು, ಹೋಗದೆ ನಿಂತರು. ಅವರು ಹೇಳಿದ್ದು ಇಷ್ಟು: ಆ ಮಹನೀಯರು ಒಂದು ಕಾಲಕ್ಕೆ ನಡೆಸುತ್ತಿದ್ದ ಪತ್ತಿನ ಸಹಕಾರ ಸಂಘದಲ್ಲಿ ಇವರು ಮಗಳ ಮದುವೆಗೆಂದು ಕೂಡಿಟ್ಟ ಹಣವಿತ್ತು, ಸಂಘ ಬಾಗಿಲು ಹಾಕಿತು, ಠೇವಣಿದಾರರು ದೂರು ಕೊಟ್ಟರು, ವಂಚನೆಯ ಮೊಕದ್ದಮೆ ಇನ್ನೂ ನಡೆಯುತ್ತಿದೆ, ಹಣ ಬಂದಿಲ್ಲ. ಇಷ್ಟು ಹೇಳಿ ಅವರು ಮೆಲ್ಲಗೆ, “ನೀವು ಓದಿದೋರು. ನಿಮಗೂ ಗೊತ್ತಿರ್ಲಿಲ್ವಾ ಸಾರ್?” ಎಂದರು. ಅದರಲ್ಲಿ ಆಕ್ಷೇಪಣೆಯಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಅದೇ ನನಗೆ ಹೆಚ್ಚು ತಾಗಿದ್ದು.

ಆ ದಿನ ಸಂಜೆ ನಾನು ಚುನಾವಣಾ ಆಯೋಗದ ಜಾಲತಾಣದಲ್ಲಿ ಆ ಉಮೇದುವಾರರ ಪ್ರಮಾಣಪತ್ರವನ್ನು ತೆರೆದೆ. ಮೊಕದ್ದಮೆಯ ಸಂಖ್ಯೆ, ನ್ಯಾಯಾಲಯದ ಹೆಸರು, ಕಾನೂನಿನ ಕಲಮುಗಳು, ದೋಷಾರೋಪ ನಿಗದಿಯಾದ ದಿನಾಂಕ—ಎಲ್ಲವೂ ಅಲ್ಲಿದ್ದವು. ಅವರ ಸಹಿಯ ಮೇಲುಗಡೆಯೇ ಇದ್ದವು. ಆ ಮಹನೀಯರು ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ನಾನು ಓದಿರಲಿಲ್ಲ, ಅಷ್ಟೆ. ಮರುದಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತೆಗೆಸಿ ನೋಡಿದೆ. ಮತದಾನಕ್ಕೆ ಮುಂಚಿನ ದಿನಗಳ ಒಂದು ಸಂಚಿಕೆಯಲ್ಲಿ, ಒಳಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ ಅದೇ ವಿವರ ಅಚ್ಚಾಗಿತ್ತು. ಆ ಪುಟವನ್ನು ನಾನು ಆ ದಿನ ಮಗುಚಿಹಾಕಿ, ಪುಸ್ತಕ ವಿಮರ್ಶೆಗೆ ಹೋಗಿದ್ದಿರಬೇಕು.

ಮೊಕದ್ದಮೆ ಇತ್ಯರ್ಥವಾಗುವವರೆಗೆ ಯಾರೂ ಅಪರಾಧಿಯಲ್ಲ. ಆ ಮಹನೀಯರು ನಾಳೆ ನಿರ್ದೋಷಿಯೆಂದು ಹೊರಬರಬಹುದು. ನನ್ನ ದೂರು ಅವರ ಮೇಲಲ್ಲ, ನನ್ನ ಮೇಲೆ.

ನಮ್ಮಂಥವರ ಸಾಮಾನ್ಯ ಸಮಾಧಾನವೆಂದರೆ “ಬಿಡುವಿಲ್ಲ” ಎಂಬುದು. ಅದು ಪೂರ್ತಿ ಸುಳ್ಳೂ ಅಲ್ಲ. ಬೆಳಗಾದರೆ ಮಕ್ಕಳ ಶಾಲೆ, ಬಸ್ಸು, ಕಚೇರಿ; ಸಂಜೆಯಾದರೆ ಮನೆಯ ಸಾಮಾನು, ಮುಪ್ಪಿನ ತಂದೆತಾಯಿಗಳ ಔಷಧ. ಕೂಲಿಯಿಂದ ಬದುಕುವವರಿಗಂತೂ ಮತದಾನದ ಒಂದು ದಿನವೇ ಭಾರ. ಇಂಥವರಿಗೆ “ಎಲ್ಲ ಪಕ್ಷಗಳ ಪ್ರಣಾಳಿಕೆಗಳನ್ನೂ ಅಧ್ಯಯನ ಮಾಡಿರಿ” ಎಂದು ಉಪದೇಶಿಸುವುದು ನಿರ್ದಯೆ. ಆದರೆ ಬಿಡುವಿಲ್ಲದವನ ಮತವನ್ನು ಬೇರೆ ಯಾರೋ ನಿಶ್ಚಯಿಸುತ್ತಾರೆಂಬುದೂ ಅಷ್ಟೇ ನಿಜ. ಜಾತಿ ನಿಶ್ಚಯಿಸುತ್ತದೆ, ಪರಿಚಯ ನಿಶ್ಚಯಿಸುತ್ತದೆ, ಬ್ಯಾನರಿನ ಅಗಲ ನಿಶ್ಚಯಿಸುತ್ತದೆ, ಕೈಯ ಮೊಬೈಲಿಗೆ ಬಂದು ಬೀಳುವ ಸಂದೇಶ ನಿಶ್ಚಯಿಸುತ್ತದೆ. ನಮ್ಮ ರೈತ ಒಂದು ಹಸುವನ್ನು ಕೊಳ್ಳುವಾಗ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಮಾರುವವನ ಊರಿನಲ್ಲಿ ವಿಚಾರಿಸುತ್ತಾನೆ. ಅದಕ್ಕೆ ಅವನಿಗೆ ಬಿಡುವು ದೊರೆಯುತ್ತದೆ. ಐದು ವರ್ಷ ನಮ್ಮನ್ನು ಆಳುವವರ ವಿಷಯಕ್ಕೆ ಮಾತ್ರ ದೊರೆಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನನ್ನ ಸಹೋದ್ಯೋಗಿಗಳಾದ ರಾಜ್ಯಶಾಸ್ತ್ರದ ಅಧ್ಯಾಪಕರೊಬ್ಬರು ಹೇಳುತ್ತಾರೆ: “ಉಮೇದುವಾರನನ್ನು ನೋಡಿ ಪ್ರಯೋಜನವೇನು? 1985ರಲ್ಲಿ ಪಕ್ಷಾಂತರ ನಿಷೇಧದ ತಿದ್ದುಪಡಿ ಬಂದಮೇಲೆ, ಶಾಸಕ ಸದನದಲ್ಲಿ ಪಕ್ಷದ ಆಜ್ಞೆಯಂತೆ ಕೈ ಎತ್ತಬೇಕು. ಇಲ್ಲವಾದರೆ ಸ್ಥಾನಕ್ಕೆ ಸಂಚಕಾರ. ಆದ್ದರಿಂದ ಪಕ್ಷವನ್ನು ನೋಡಿದರೆ ಸಾಕು.” ಈ ವಾದದಲ್ಲಿ ಹುರುಳಿದೆ. ಪಕ್ಷವನ್ನು ನೋಡಿ ಮತ ಕೊಡುವುದು ಅವಿವೇಕವಲ್ಲ. ಸರಕಾರ ರಚಿಸುವುದು ಪಕ್ಷಗಳೇ. ಆದರೆ ಶಾಸಕನ ಕೆಲಸವೆಲ್ಲ ಸದನದಲ್ಲಿ ಕೈ ಎತ್ತುವುದೇ? ಕ್ಷೇತ್ರದ ಅನುದಾನ ಯಾವ ಊರಿನ ರಸ್ತೆಗೆ ಹೋಗಬೇಕು, ಯಾವ ಪ್ರಶ್ನೆಯನ್ನು ಸರಕಾರಕ್ಕೆ ಕೇಳಬೇಕು, ಆಸ್ಪತ್ರೆಗೆ ವೈದ್ಯರಿಲ್ಲವೆಂದು ಯಾರ ಬಾಗಿಲು ತಟ್ಟಬೇಕು, ಬಡವನೊಬ್ಬ ಠಾಣೆಯಲ್ಲಿ ಕುಳಿತಿದ್ದಾಗ ಯಾರ ಪರವಾಗಿ ಫೋನು ಮಾಡಬೇಕು—ಇವಕ್ಕೆ ಪಕ್ಷದ ಆಜ್ಞೆಯಿಲ್ಲ. ಇವೆಲ್ಲ ಮನುಷ್ಯನ ಸ್ವಭಾವಕ್ಕೆ ಬಿಟ್ಟವು. ಪಕ್ಷವನ್ನು ಮೊದಲು ನಿಶ್ಚಯಿಸುವವರು ಕೂಡ, ತಮ್ಮ ಪಕ್ಷ ತಮ್ಮ ಮುಂದೆ ಎಂಥವರನ್ನು ತಂದು ನಿಲ್ಲಿಸಿದೆಯೆಂದು ಕೇಳುವ ಹಕ್ಕುಳ್ಳವರು. ಆ ಪ್ರಶ್ನೆ ಕೇಳುವವರು ಇಲ್ಲವೆಂದು ಗೊತ್ತಾದರೆ ಪಕ್ಷಗಳು ಯಾರನ್ನಾದರೂ ನಿಲ್ಲಿಸುತ್ತವೆ.

ಒಂದು ಕಾಲದಲ್ಲಿ ಉಮೇದುವಾರನನ್ನು ತಿಳಿಯಲು ಕಾಗದ ಬೇಕಾಗಿರಲಿಲ್ಲವೇನೋ. 1967ರಲ್ಲಿ ಕವಿ ದಿನಕರ ದೇಸಾಯಿಯವರು ಕೆನರಾ ಕ್ಷೇತ್ರದಿಂದ ಸ್ವತಂತ್ರ ಉಮೇದುವಾರರಾಗಿ ಲೋಕಸಭೆಗೆ ಆರಿಸಿಬಂದರು. ಅವರು ರೈತರ ಪರವಾಗಿ ಹೋರಾಡಿದ್ದನ್ನೂ, ಟ್ರಸ್ಟೊಂದನ್ನು ಕಟ್ಟಿ ಶಾಲೆಗಳನ್ನು ತೆರೆದದ್ದನ್ನೂ ಉತ್ತರ ಕನ್ನಡದ ಜನ ಕಣ್ಣಾರೆ ಕಂಡಿದ್ದರು. ಅವರ ಪ್ರಮಾಣಪತ್ರ ಜಿಲ್ಲೆಯ ಶಾಲೆಗಳ ಗೋಡೆಗಳ ಮೇಲಿತ್ತು. ಅಂಥ ಉಮೇದುವಾರರು ಈಗಲೂ ಅಲ್ಲಲ್ಲಿ ಇರಬಹುದು. ಆದರೆ ಈಗ ನಮ್ಮ ರಾಜ್ಯದ 224 ವಿಧಾನಸಭಾ ಕ್ಷೇತ್ರಗಳಲ್ಲಿ ಸರಾಸರಿ ಒಂದೊಂದಕ್ಕೂ ಎರಡು ಲಕ್ಷಕ್ಕೆ ಮಿಕ್ಕಿ ಮತದಾರರಿದ್ದಾರೆ. ಲೋಕಸಭೆಯ ಕ್ಷೇತ್ರಗಳು ಅದರ ಎಂಟು ಪಟ್ಟು. ನೆರೆಮನೆಯವರ ಹೆಸರೇ ತಿಳಿಯದ ಬಡಾವಣೆಗಳಲ್ಲಿ ವಾಸಿಸುವ ನಮಗೆ, ಉಮೇದುವಾರರ ಪೂರ್ವೋತ್ತರ ತಾನಾಗಿ ತಿಳಿದೀತೆಂದು ನಂಬುವುದು ಹುಚ್ಚು. ಕಾಣದ ಮನುಷ್ಯನನ್ನು ಕಾಗದದಲ್ಲಿ ಓದಬೇಕಾದ ಕಾಲ ಇದು.

ಆ ಕಾಗದ ನಮಗೆ ಸುಲಭವಾಗಿ ದೊರೆತದ್ದಲ್ಲ. 1999ರಲ್ಲಿ ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು, ಉಮೇದುವಾರರ ಮೇಲಿನ ಮೊಕದ್ದಮೆ, ಆಸ್ತಿ, ವಿದ್ಯೆಗಳ ವಿವರವನ್ನು ಮತದಾರರಿಗೆ ತಿಳಿಸಬೇಕೆಂದು ಕೋರಿ ದೆಹಲಿಯ ಹೈಕೋರ್ಟಿಗೆ ಹೋದರು. ರಾಜಕೀಯದವರಲ್ಲ, ನನ್ನಂತೆ ಪಾಠ ಹೇಳುವವರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ನಡೆದು, 2002ರ ಮೇ 2ರಂದು ಮತದಾರನಿಗೆ ತಿಳಿಯುವ ಹಕ್ಕುಂಟೆಂಬ ತೀರ್ಪು ಬಂದಿತು. ಆ ತೀರ್ಪನ್ನು ಮೊಟಕುಗೊಳಿಸಲು ಅದೇ ವರ್ಷ ಕಾನೂನನ್ನೇ ತಿದ್ದಲಾಯಿತು. ಪ್ರತಿಯೊಂದು ವಿಷಯದಲ್ಲಿಯೂ ಕಾದಾಡುವ ಪಕ್ಷಗಳು ಈ ಒಂದು ವಿಷಯದಲ್ಲಿ ಬಹುಮಟ್ಟಿಗೆ ಒಮ್ಮತವುಳ್ಳವಾಗಿದ್ದವೆಂಬುದನ್ನು ಗಮನಿಸಬೇಕು. 2003ರ ಮಾರ್ಚ್ 13ರಂದು ಸರ್ವೋಚ್ಚ ನ್ಯಾಯಾಲಯ ಆ ಅಡ್ಡಗೋಡೆಯನ್ನು ಕೆಡವಿತು. ಅಂದಿನಿಂದ ಉಮೇದುವಾರ ತನ್ನ ವಿವರವನ್ನು ಪ್ರಮಾಣಮಾಡಿ ಬರೆದುಕೊಡುತ್ತಿದ್ದಾನೆ. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲವೆಂದು 2013ರಲ್ಲಿ ನಿರ್ಣಯವಾಯಿತು. ಮೊಕದ್ದಮೆಗಳಿದ್ದರೆ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಮೂರು ಬಾರಿ ಪ್ರಕಟಿಸಬೇಕೆಂಬ ಕಟ್ಟಳೆ 2018ರಲ್ಲಿ ಬಂದಿತು. ಮೊಕದ್ದಮೆಗಳುಳ್ಳವನನ್ನೇ ಆರಿಸಿದ್ದೇಕೆಂದು ಪಕ್ಷಗಳು ಕಾರಣ ಕೊಡಬೇಕು, “ಗೆಲ್ಲಬಲ್ಲ” ಎಂಬುದಷ್ಟೇ ಕಾರಣವಾಗಲಾರದು ಎಂದು 2020ರಲ್ಲಿ ನ್ಯಾಯಾಲಯ ಹೇಳಿತು. ಇಷ್ಟು ವರ್ಷಗಳ ಹೋರಾಟದಿಂದ ಬಂದ ಕಾಗದವನ್ನು ಓದುವವರೇ ಇಲ್ಲವಾದರೆ, ಬೆಳೆದ ಪೈರನ್ನು ಕೊಯ್ಯದೆ ಬಿಟ್ಟ ಹಾಗೆ.

ಓದುವುದು ಹೇಗೆ? ನಾನು ಕಂಡುಕೊಂಡ ಕ್ರಮವನ್ನು ಹೇಳುತ್ತೇನೆ. ಇದಕ್ಕಿಂತ ಉತ್ತಮವಾದದ್ದು ಓದುಗರಿಗೆ ಹೊಳೆದರೆ ಸಂತೋಷ. ನಾಮಪತ್ರ ಹಿಂತೆಗೆದುಕೊಳ್ಳುವ ಕಡೆಯ ದಿನಕ್ಕೂ ಮತದಾನಕ್ಕೂ ನಡುವೆ ಕಾನೂನಿನ ಪ್ರಕಾರ ಕನಿಷ್ಠ ಎರಡು ವಾರಗಳಿರುತ್ತವೆ. ಈ ಎರಡು ವಾರಗಳಲ್ಲಿ ಅರ್ಧರ್ಧ ಗಂಟೆಯ ಮೂರು ಬೈಠಕ್ಕುಗಳು ಸಾಕು. ಐದು ವರ್ಷಕ್ಕೆ ಒಂದೂವರೆ ಗಂಟೆ. ಕಣದಲ್ಲಿರುವ ಎಲ್ಲರನ್ನೂ ಓದಬೇಕಾಗಿಲ್ಲ. ನಿಮ್ಮ ಮನಸ್ಸು ಯಾರ ಕಡೆಗೆ ವಾಲಿದೆಯೋ ಅವರನ್ನೂ, ಅವರ ಎದುರಿನ ಇಬ್ಬರನ್ನೂ ಓದಿದರೆ ಆಯಿತು.

ಮೊದಲನೆಯ ಅರ್ಧ ಗಂಟೆ ಪ್ರಮಾಣಪತ್ರಕ್ಕೆ. ಇದು ಚುನಾವಣಾ ಆಯೋಗದ ಜಾಲತಾಣದಲ್ಲಿರುತ್ತದೆ. ಮೇಲೆ ಹೇಳಿದ ಪ್ರಾಧ್ಯಾಪಕರ ಸಂಸ್ಥೆ ನಡೆಸುವ “ಮೈನೇತಾ” ಎಂಬ ಜಾಲತಾಣದಲ್ಲಿ ಸಾರಾಂಶವೂ ದೊರೆಯುತ್ತದೆ. ಪತ್ರ ಉದ್ದವಾಗಿದೆಯೆಂದು ಹೆದರಬೇಕಾಗಿಲ್ಲ. ಅದರ ಕೊನೆಯ ಭಾಗದಲ್ಲಿ ಇಡೀ ಪತ್ರದ ಸಂಕ್ಷೇಪವಿರುತ್ತದೆ. ಮೊಕದ್ದಮೆಗಳ ಅಂಕಣದಲ್ಲಿ ಸಂಖ್ಯೆಯನ್ನಷ್ಟೇ ನೋಡಿ ಬೆಚ್ಚಬಾರದು. ನೀರಿಗಾಗಿ, ಬೆಲೆಗಾಗಿ ರಸ್ತೆ ತಡೆದ ರೈತ ಮುಖಂಡನ ಮೇಲೆ ಹತ್ತು ಮೊಕದ್ದಮೆಗಳಿರಬಹುದು. ಅವು ಅವನಿಗೆ ಕಳಂಕವಲ್ಲ. ಇನ್ನೊಬ್ಬನ ಮೇಲೆ ಇರುವುದು ಒಂದೇ ಇರಬಹುದು. ಅದು ಕೊಲೆಯ ಯತ್ನವೋ, ಹೆಣ್ಣಿನ ಮೇಲಿನ ದೌರ್ಜನ್ಯವೋ, ಠೇವಣಿದಾರರ ವಂಚನೆಯೋ ಆಗಿರಬಹುದು. ಆದ್ದರಿಂದ ಎಷ್ಟು ಎಂಬುದಕ್ಕಿಂತ ಏನು ಎಂಬುದು ಮುಖ್ಯ. ಪೊಲೀಸರು ದೂರನ್ನು ದಾಖಲಿಸಿದ್ದಾರೆಯೇ ಅಥವಾ ನ್ಯಾಯಾಲಯವೇ ದೋಷಾರೋಪವನ್ನು ನಿಗದಿಮಾಡಿದೆಯೇ ಎಂಬುದು ಎರಡನೆಯ ಪ್ರಶ್ನೆ. ದೂರನ್ನು ವಿರೋಧಿ ಹೂಡಿಸಬಹುದು. ದೋಷಾರೋಪವನ್ನು ನಿಗದಿಮಾಡುವುದು ನ್ಯಾಯಾಧೀಶರು.

ಆಸ್ತಿಯ ವಿಷಯಕ್ಕೆ ಬಂದರೆ, ನನ್ನ ವೃತ್ತಿ ನನಗೆ ನೆರವಾಯಿತು. ಎಂ.ಎ. ತರಗತಿಯಲ್ಲಿ ನಾವು ಡಿ. ಎಲ್. ನರಸಿಂಹಾಚಾರ್ಯರ “ಕನ್ನಡ ಗ್ರಂಥಸಂಪಾದನೆ”ಯನ್ನು ಓದಿದ್ದೆವು. ಒಂದೇ ಓಲೆಯ ಪ್ರತಿಯನ್ನು ನಂಬಿ ಕಾವ್ಯದ ಪಾಠವನ್ನು ನಿಶ್ಚಯಿಸಬಾರದು, ಬೇರೆ ಬೇರೆ ಪ್ರತಿಗಳನ್ನು ಎದುರುಬದುರಾಗಿಟ್ಟು ಪಾಠಾಂತರಗಳನ್ನು ಗುರುತಿಸಬೇಕು ಎಂಬುದು ಆ ಶಾಸ್ತ್ರದ ಮೊದಲ ಪಾಠ. ಪ್ರಮಾಣಪತ್ರವನ್ನೂ ಹಾಗೆಯೇ ಓದಬೇಕು. ಅದೇ ವ್ಯಕ್ತಿ ಐದು ವರ್ಷದ ಹಿಂದೆ ಕೊಟ್ಟದ್ದನ್ನು ತೆಗೆದು, ಈಗಿನದರ ಪಕ್ಕದಲ್ಲಿಡಬೇಕು. ಅಂದು ಎಷ್ಟು ಎಕರೆ, ಇಂದು ಎಷ್ಟು? ಅಂದಿನ ಸಾಲ ಎಲ್ಲಿ ಹೋಯಿತು? ಪತ್ನಿಯ, ಮಕ್ಕಳ ಹೆಸರಿನಲ್ಲಿ ಹೊಸದಾಗಿ ಏನು ಬಂದಿದೆ? ಆಸ್ತಿ ಹೆಚ್ಚಿದ್ದೇ ಪಾಪವಲ್ಲ. ಬೆಂಗಳೂರಿನ ಸುತ್ತಮುತ್ತ ಜಮೀನಿನ ಬೆಲೆ ತಾನಾಗಿಯೇ ಏರಿದೆ, ಪಿತ್ರಾರ್ಜಿತ ಬಂದಿರಬಹುದು, ವ್ಯಾಪಾರ ಕುದುರಿರಬಹುದು. ಆದರೆ ಅದೇ ಪತ್ರದಲ್ಲಿ ಐದು ವರ್ಷಗಳ ಆದಾಯವನ್ನೂ ಬರೆದಿರುತ್ತಾರೆ. ವರ್ಷಕ್ಕೆ ಹತ್ತು ಲಕ್ಷ ಆದಾಯ ತೋರಿಸಿದವರು ಐದು ವರ್ಷಗಳಲ್ಲಿ ಐದು ಕೋಟಿಯ ಹೊಸ ಆಸ್ತಿಯನ್ನು ಕೊಂಡಿದ್ದರೆ, ಸಾಲದ ಅಂಕಣದಲ್ಲಿಯೂ ಏನೂ ಇಲ್ಲದಿದ್ದರೆ, ಕೇಳಬೇಕಾದ ಪ್ರಶ್ನೆಯೊಂದು ಹುಟ್ಟುತ್ತದೆ. ಸರಕಾರದ ಗುತ್ತಿಗೆಗಳು ಇವೆಯೇ, ಸರಕಾರಕ್ಕೆ ಕೊಡಬೇಕಾದ ಬಾಕಿ ಉಳಿದಿದೆಯೇ ಎಂಬ ಅಂಕಣಗಳೂ ಅಲ್ಲಿವೆ. ಉದ್ಯೋಗವೆಂಬಲ್ಲಿ “ಕೃಷಿ ಮತ್ತು ಸಮಾಜಸೇವೆ” ಎಂದು ಬರೆದವರ ಗುತ್ತಿಗೆಯ ಅಂಕಣವನ್ನು ವಿಶೇಷ ಗಮನದಿಂದ ಓದುವುದು ಒಳ್ಳೆಯದು.

ವಿದ್ಯಾರ್ಹತೆಯನ್ನು ನಾನು ಕಡೆಗೆ ಇಟ್ಟಿದ್ದೇನೆ. ಅಧ್ಯಾಪಕನಾದ ನನಗೆ ಅದನ್ನು ಮೊದಲು ನೋಡುವ ಚಾಪಲ್ಯ ಸಹಜ. ಆದರೆ ಅದು ಚಾಪಲ್ಯವೇ. ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಿದವರಲ್ಲ. ರಾಜ್ಯಶಾಸ್ತ್ರವನ್ನು ಕನ್ನಡಿಗರಿಗೆ ಕನ್ನಡದಲ್ಲಿ ತಿಳಿಸಿಕೊಟ್ಟವರು ಅವರೇ. ಪದವಿಯಿಂದ ಮನುಷ್ಯನನ್ನು ಅಳೆಯುವುದಾದರೆ, ಒಂದು ನಿಮಿಷದಲ್ಲಿ ಓಟು ಹಾಕಿದ ನನ್ನ ಪದವಿಗೆ ಏನು ಬೆಲೆ?

ಎರಡನೆಯ ಅರ್ಧ ಗಂಟೆ, ಮಾಡಿದ ಕೆಲಸಕ್ಕೆ. ಈಗಾಗಲೇ ಲೋಕಸಭೆಯಲ್ಲಿದ್ದವರಾದರೆ ಅವರ ಹಾಜರಿ, ಕೇಳಿದ ಪ್ರಶ್ನೆಗಳು, ಭಾಗವಹಿಸಿದ ಚರ್ಚೆಗಳು ಸಂಸತ್ತಿನ ಜಾಲತಾಣದಲ್ಲಿವೆ, ಪಿ.ಆರ್.ಎಸ್. ಎಂಬ ದೆಹಲಿಯ ಸಂಸ್ಥೆ ಅವನ್ನು ಒಟ್ಟುಗೂಡಿಸಿ ಕೊಡುತ್ತದೆ. ನಮ್ಮ ವಿಧಾನಸಭೆಯ ನಡವಳಿಗಳೂ ಪ್ರಕಟವಾಗುತ್ತವೆ. ಇಲ್ಲಿಯೂ ನ್ಯಾಯವಾಗಿ ಓದಬೇಕು. ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಜರಿ ಪುಸ್ತಕದಲ್ಲಿಯೂ ಸಹಿ ಹಾಕುವುದಿಲ್ಲ. ಅದನ್ನು ಗೈರುಹಾಜರಿಯೆಂದು ತಿಳಿಯಬಾರದು. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಗಳ ಕ್ಷೇತ್ರಾಭಿವೃದ್ಧಿ ನಿಧಿಯುಂಟು. ಆದರೆ ಕೋವಿಡ್ ಕಾಲದಲ್ಲಿ, 2020ರ ಏಪ್ರಿಲಿನಿಂದ 2021ರ ನವೆಂಬರಿನವರೆಗೆ, ಅದು ನಿಂತಿತ್ತು. ಆ ಅವಧಿಯ ಲೆಕ್ಕವನ್ನು ಅವರ ತಲೆಗೆ ಕಟ್ಟಬಾರದು. ಪ್ರಶ್ನೆಗಳ ಸಂಖ್ಯೆಗಿಂತಲೂ ಪ್ರಶ್ನೆಗಳು ಯಾವುವು ಎಂಬುದು ಮುಖ್ಯ. ನಿಮ್ಮ ಊರಿನ ರೈಲು, ಕೆರೆ, ಅಡಕೆ, ಶಾಲೆಗಳ ಮಾತು ಅಲ್ಲಿ ಒಮ್ಮೆಯಾದರೂ ಬಂದಿದೆಯೇ ಎಂದು ನೋಡಿ. ಹೊಸಬರಾದರೆ ಅವರು ಇದುವರೆಗೆ ಏನನ್ನು ನಡೆಸಿದ್ದಾರೆ ಎಂದು ಕೇಳಬೇಕು. ಗ್ರಾಮ ಪಂಚಾಯಿತಿ, ಹಾಲಿನ ಸಂಘ, ಸಹಕಾರ ಬ್ಯಾಂಕು, ಪುರಸಭೆ, ಶಾಲಾ ಸಮಿತಿ—ಏನನ್ನಾದರೂ ನಡೆಸಿರಲೇಬೇಕು. ಚಿಕ್ಕದನ್ನು ಹೇಗೆ ನಡೆಸಿದರೋ ದೊಡ್ಡದನ್ನೂ ಹಾಗೆಯೇ ನಡೆಸುತ್ತಾರೆ.

ಮೂರನೆಯ ಅರ್ಧ ಗಂಟೆ ಮನುಷ್ಯರ ಸಂಗಡ ಮಾತಿಗೆ. ಕಾಗದ ಹೇಳದ್ದನ್ನು ಊರು ಹೇಳುತ್ತದೆ. ನಮ್ಮ ಜವಾನರನ್ನು ನಾನು ಚುನಾವಣೆಗೆ ಮೊದಲು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ನಾವು ಕೇಳುವುದು ನಮ್ಮಂತೆಯೇ ಯೋಚಿಸುವ ಸ್ನೇಹಿತರನ್ನು. ಅದರಿಂದ ನಮ್ಮ ಧ್ವನಿಯೇ ನಮಗೆ ಹಿಂದಿರುಗಿ ಕೇಳಿಸುತ್ತದೆ. ಬೇರೆ ಪಕ್ಷದ ಒಲವುಳ್ಳ ಒಬ್ಬರನ್ನು, ನಮಗಿಂತ ಬಡವರಾದ ಒಬ್ಬರನ್ನು, ಸಾಧ್ಯವಾದರೆ ಆ ಉಮೇದುವಾರರ ಕೈಕೆಳಗೆ ದುಡಿದ ಒಬ್ಬರನ್ನು ಕೇಳಬೇಕು. ಮನೆಬಾಗಿಲಿಗೆ ಮತಯಾಚನೆಗೆ ಬಂದವರನ್ನು ಕರಪತ್ರ ತೆಗೆದುಕೊಂಡು ಕಳುಹಿಸಿಬಿಡಬಾರದು, “ಈ ಮೊಕದ್ದಮೆ ಏನು?” ಎಂದು ಸೌಜನ್ಯದಿಂದ ಕೇಳಬೇಕು. ಉತ್ತರ ಬಂದರೆ ತಿಳಿವಳಿಕೆ. ಬಾರದಿದ್ದರೆ ಅದೂ ತಿಳಿವಳಿಕೆಯೇ. ಇನ್ನು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳು. ಶಾಸನ ಓದುವವರು ಮೊದಲು ಕೇಳುವುದು ಮೂರು ಪ್ರಶ್ನೆಗಳು: ಬರೆಯಿಸಿದವರು ಯಾರು, ಕಾಲ ಯಾವುದು, ದೊರೆತ ಸ್ಥಳ ಯಾವುದು? ಈ ಮೂರಕ್ಕೂ ಉತ್ತರವಿಲ್ಲದ ಸಂದೇಶವನ್ನು, ಅದು ನಮ್ಮ ಮನಸ್ಸಿಗೆ ಎಷ್ಟೇ ಹಿತವಾಗಿದ್ದರೂ, ನಂಬಬಾರದು. ಇನ್ನೊಬ್ಬರಿಗೆ ದಾಟಿಸಲೂ ಬಾರದು.

ಇಷ್ಟೆಲ್ಲ ಓದಿದ ಮೇಲೆ ನಿಷ್ಕಳಂಕನಾದ ಉಮೇದುವಾರ ದೊರೆತೇ ದೊರೆಯುತ್ತಾನೆಂದು ನಾನು ಭರವಸೆ ಕೊಡಲಾರೆ. ಪ್ರಮಾಣಪತ್ರದಲ್ಲಿ ಬರೆದದ್ದು ನಿಜವೋ ಅಲ್ಲವೋ ಎಂದು ಚುನಾವಣಾಧಿಕಾರಿ ಶೋಧಿಸುವುದಿಲ್ಲ. ಸುಳ್ಳು ಬರೆದವನಿಗೆ ಆರು ತಿಂಗಳವರೆಗೆ ಸೆರೆವಾಸವೋ ದಂಡವೋ ಎರಡೂವೋ ಆಗಬಹುದೆಂದು ಕಾನೂನು ಹೇಳುತ್ತದೆ, ಅಷ್ಟೆ. 2013ರಿಂದ “ಮೇಲಿನ ಯಾರೂ ಅಲ್ಲ” ಎಂಬ ಗುಂಡಿಯೂ ಇದೆ. ಆದರೆ ಅದಕ್ಕೆ ಎಷ್ಟೇ ಮತ ಬಿದ್ದರೂ, ವಿಧಾನಸಭೆಗೋ ಲೋಕಸಭೆಗೋ ಹೋಗುವುದು ಉಳಿದವರಲ್ಲಿ ಹೆಚ್ಚು ಮತ ಪಡೆದವರೇ. ಕಡೆಗೆ ಇರುವವರಲ್ಲಿಯೇ ಒಬ್ಬರನ್ನು ಆರಿಸಬೇಕಾಗುತ್ತದೆ. ಗೊತ್ತಿದ್ದು ಆರಿಸುವುದಕ್ಕೂ ಗೊತ್ತಿಲ್ಲದೆ ಆರಿಸುವುದಕ್ಕೂ ಇರುವ ಭೇದ ಸಣ್ಣದಲ್ಲ. ಗೊತ್ತಿದ್ದು ಆರಿಸಿದವನು ಮುಂದಿನ ಐದು ವರ್ಷ ಕಣ್ಣಿಟ್ಟಿರುತ್ತಾನೆ. ಗೊತ್ತಿಲ್ಲದೆ ಆರಿಸಿದವನು ಮರೆತುಬಿಡುತ್ತಾನೆ.

ಕನ್ನಡದ ಅಧ್ಯಾಪಕನಾಗಿ ಒಂದು ಬೇಡಿಕೆಯನ್ನೂ ಇಲ್ಲಿ ಮುಂದಿಡುತ್ತೇನೆ. ನಾನು ನೋಡಿದ ಪ್ರಮಾಣಪತ್ರಗಳಲ್ಲಿ ಕೆಲವು ಕನ್ನಡದಲ್ಲಿದ್ದವು, ಹಲವು ಇಂಗ್ಲಿಷಿನಲ್ಲಿದ್ದವು. ಕೆಲವಂತೂ ಕೈಬರಹದ ಮಸುಕಾದ ನಕಲುಗಳು. ಓಟನ್ನು ಕನ್ನಡದಲ್ಲಿ ಕೇಳುವವರು ತಮ್ಮ ಲೆಕ್ಕವನ್ನು ಇಂಗ್ಲಿಷಿನಲ್ಲಿ ಒಪ್ಪಿಸುವುದೇಕೆ? ಪ್ರತಿಯೊಬ್ಬ ಉಮೇದುವಾರನ ಪ್ರಮಾಣಪತ್ರದ ಸಂಕ್ಷೇಪವನ್ನು ಎರಡು ಪುಟಗಳ ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ, ಆ ಕ್ಷೇತ್ರದ ಒಂದೊಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿಯೂ ಮತದಾನಕ್ಕೆ ಹತ್ತು ದಿನ ಮುಂಚೆ ತೂಗುಹಾಕಬೇಕು. ಅಕ್ಷರ ಬಾರದವರಿಗೆ ಗ್ರಂಥಪಾಲಕರು ಓದಿ ಹೇಳಲಿ. 1945ರಲ್ಲಿ ಡಿ. ವಿ. ಜಿ. ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು, ಪ್ರಜೆಗೆ ಸಾರ್ವಜನಿಕ ವಿಷಯಗಳ ಶಿಕ್ಷಣ ದೊರೆಯದೆ ಪ್ರಜಾರಾಜ್ಯ ನಿಲ್ಲಲಾರದೆಂಬ ನಂಬಿಕೆಯಿಂದ. ಆ ಶಿಕ್ಷಣ ಬೆಂಗಳೂರಿನ ಒಂದು ಕಟ್ಟಡದಲ್ಲಿ ನಿಲ್ಲದೆ ಹಳ್ಳಿಯ ಗ್ರಂಥಾಲಯಕ್ಕೂ ಬರಬೇಡವೇ?

ನಾವು ಅಧ್ಯಾಪಕರೂ ಮಾಡಬಹುದಾದದ್ದಿದೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಅಂದಿನಿಂದ ನಮ್ಮ ಪದವಿ ತರಗತಿಯಲ್ಲಿರುವವರು ಬಹುಪಾಲು ಮತದಾರರೇ. ಸರಕಾರಿ ನೌಕರನಾದ ನಾನು ಅವರಿಗೆ ಯಾರ ಹೆಸರನ್ನೂ ಸೂಚಿಸಬಾರದು, ಸೂಚಿಸುವುದೂ ಇಲ್ಲ. ಆದರೆ ಹಳೆಗನ್ನಡದ ಪದ್ಯವನ್ನು ಅನ್ವಯಿಸಿಕೊಂಡು ಓದಲು ಕಲಿಸುವವನು, ಪ್ರಮಾಣಪತ್ರವೊಂದನ್ನು ಓದಲು ಕಲಿಸಿದರೆ ತಪ್ಪೇನು? 2024ರ ಲೋಕಸಭಾ ಚುನಾವಣೆಗೆ ಮುನ್ನ, ಹೆಸರು ಪಕ್ಷಗಳಿಲ್ಲದ ಖಾಲಿ ನಮೂನೆಯನ್ನು ತರಗತಿಯಲ್ಲಿ ಹಂಚಿ, ಒಂದೊಂದು ಅಂಕಣದ ಅರ್ಥವನ್ನೂ ವಿವರಿಸಿದೆ. ಪರೀಕ್ಷೆಗೆ ಬಾರದ ಪಾಠವಾದರೂ ಆ ದಿನ ಯಾರೂ ಗಡಿಯಾರ ನೋಡಲಿಲ್ಲ.

ಅದೇ ಚುನಾವಣೆಗೆ ನಾನೂ ಮೂರು ಸಂಜೆ ಕುಳಿತು ಓದಿದೆ. ಯಾರಿಗೆ ಮತ ಕೊಟ್ಟೆನೆಂಬುದು ಇಲ್ಲಿ ಅಪ್ರಸ್ತುತ. ಮೊದಲು ಮನಸ್ಸಿನಲ್ಲಿದ್ದವರಿಗೆ ಕೊಡಲಿಲ್ಲವೆಂಬುದನ್ನು ಮಾತ್ರ ಹೇಳಬಲ್ಲೆ. ನಮ್ಮ ಜವಾನರಿಗೆ ಸುದ್ದಿ ಹೇಗೋ ತಿಳಿದು, “ನನಗೂ ಒಂದ್ಸಲ ಓದಿ ಹೇಳಿ ಸಾರ್. ಯಾರಿಗೆ ಹಾಕ್ಬೇಕು ಅಂತ ಮಾತ್ರ ಹೇಳ್ಬೇಡಿ” ಎಂದರು. ಕಾಲೇಜು ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಕುಳಿತು ಮೂವರ ಪತ್ರಗಳನ್ನೂ ಓದಿ ಹೇಳಿದೆ. ಅವರು ಆಸ್ತಿಯ ಅಂಕಿಗಳಿಗೆ ಆಶ್ಚರ್ಯಪಡಲಿಲ್ಲ. ಎರಡು ಕಡೆ ನನ್ನನ್ನು ನಿಲ್ಲಿಸಿ, “ಅದನ್ನ ಇನ್ನೊಂದ್ಸಲ ಓದಿ” ಎಂದರು. ಎರಡೂ ಮೊಕದ್ದಮೆಗಳ ಸಾಲುಗಳು. ಅವರ ಹಣ ಇನ್ನೂ ಬಂದಿಲ್ಲ.